ಬಿರುಬೇಸಗೆಯಲ್ಲಿ ವಿನೋದೋದ್ಯಾನ: ಮೊದಲ ಬಾರಿ ಹೊರಡುವ ಕುಟುಂಬಕ್ಕೆ ಕೆಲವು ಆರೋಗ್ಯ ವಿಚಾರಗಳು

ಇಂದು ‘ಥೀಮ್ ಪಾರ್ಕ್’ ಎಂದು ಕರೆಯಲ್ಪಡುವ ವಿನೋದೋದ್ಯಾನಗಳಿಗೆಲ್ಲ ಮಾದರಿಯಾಗಿ ನಿಂತ ಡಿಸ್ನಿಲ್ಯಾಂಡ್, ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಅನಾಹೈಮ್ ಎಂಬಲ್ಲಿ ಬಾಗಿಲು ತೆರೆದದ್ದು 1955ನೆಯ ಇಸವಿಯ ಜುಲೈ 17ರಂದು. ಅದು ಅಲ್ಲಿಯ ನಡುಬೇಸಗೆಯ ಕಾಲ. ಅಂದಿನ ಉಷ್ಣತೆ ಸುಮಾರು 38 ಡಿಗ್ರಿ ಸೆಲ್ಸಿಯಸ್. ಕೊಳಾಯಿ ಕೆಲಸಗಾರರ ಮುಷ್ಕರದ ದೆಸೆಯಿಂದ ಕುಡಿಯುವ ನೀರಿನ ನಲ್ಲಿಗಳನ್ನೂ ಶೌಚಾಲಯಗಳನ್ನೂ ಒಟ್ಟಿಗೆ ಸಿದ್ಧಪಡಿಸಲು ಸಮಯ ಸಾಲದೆ, ಸ್ಥಾಪಕನಾದ ವಾಲ್ಟ್ ಡಿಸ್ನಿ ಶೌಚಾಲಯಗಳನ್ನೇ ಆರಿಸಿಕೊಂಡನು. ಜನರಿಗೆ ನೀರು ಸಾಲಲಿಲ್ಲ. ಹೊಸದಾಗಿ ಹಾಸಿದ ಡಾಂಬರು ಬಿಸಿಲಿಗೆ ಮೆದುವಾಗಿ ಹೆಂಗಸರ ಎತ್ತರದ ಹಿಮ್ಮಡಿಯ ಪಾದರಕ್ಷೆಗಳು ಅದರಲ್ಲಿ ಹೂತುಕೊಂಡವು. ಖೋಟಾ ಟಿಕೆಟುಗಳ ಹಾವಳಿಯಿಂದ, ಆಮಂತ್ರಿತರಷ್ಟೇ ಬರಬೇಕಾಗಿದ್ದ ಸ್ಥಳದಲ್ಲಿ ಸುಮಾರು 28 ಸಾವಿರ ಮಂದಿ ಸೇರಿದ್ದರು. ಬಿಸಿಲು, ಜನಸಂದಣಿ, ನೀರಿನ ಅಭಾವ — ಈ ಮೂರೂ ಅಂದು ಒಂದೆಡೆ ಕೂಡಿದ್ದವು. ನಮ್ಮ ಮೇ ತಿಂಗಳ ರಜೆಯಲ್ಲಿ ಯಾವುದೇ ಕುಟುಂಬ ಇಂಥ ಉದ್ಯಾನಕ್ಕೆ ಹೊರಟರೂ ಎದುರಿಸಬೇಕಾದವು ಇವೇ ಮೂರು.

ನಮ್ಮ ದೇಶದಲ್ಲಿ ಈ ಬಗೆಯ ಉದ್ಯಾನಗಳು ಬಂದದ್ದು ತಡವಾಗಿ. ದೆಹಲಿಯ ಅಪ್ಪು ಘರ್ 1984ರಲ್ಲಿ ಆರಂಭವಾಗಿ 2008ರವರೆಗೆ ನಡೆಯಿತು. 1989ರಲ್ಲಿ ಮುಂಬಯಿಯ ಗೋರಾಯಿಯಲ್ಲಿ ತೆರೆದ ಎಸ್ಸೆಲ್ ವರ್ಲ್ಡ್‌ಗೆ ಒಂದು ಪೀಳಿಗೆಯ ಮಕ್ಕಳು ದೋಣಿಯಲ್ಲಿ ಖಾರಿ ದಾಟಿ ಹೋದರು. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಬಿಡದಿಯ ಸಮೀಪ ವಂಡರ್‌ಲಾ 2005ರಲ್ಲಿಯೂ, ಮುಂಬಯಿ-ಪುಣೆ ಮಾರ್ಗದಲ್ಲಿ ಖೋಪೋಲಿಯ ಬಳಿ ಇಮ್ಯಾಜಿಕಾ 2013ರಲ್ಲಿಯೂ ಪ್ರಾರಂಭವಾದವು. ನಮ್ಮಲ್ಲಿ ಅನೇಕರಿಗೆ ಬಾಲ್ಯದ ಬೇಸಗೆ ರಜೆಯೆಂದರೆ ಊರು, ಅಜ್ಜನ ಮನೆ, ಮಾವಿನ ತೋಪು, ಮಧ್ಯಾಹ್ನ ಊಟವಾದ ಮೇಲೆ ಕಡ್ಡಾಯವಾದ ನಿದ್ರೆ. ಆ ನಿದ್ರೆಯ ಹಿಂದೆ ಒಂದು ಆರೋಗ್ಯಶಾಸ್ತ್ರವೇ ಅಡಗಿತ್ತೆಂಬುದನ್ನು ನಾವು ಆಗ ಅರಿತಿರಲಿಲ್ಲ. ಇಂದಿನ ಮಕ್ಕಳು ಊರಿನ ಜೊತೆಗೆ ಉದ್ಯಾನವನ್ನೂ ಕೇಳುತ್ತಾರೆ. ಕೇಳುವುದು ತಪ್ಪೇನೂ ಅಲ್ಲ. ಆದರೆ ಸಮುದ್ರತೀರಕ್ಕೋ ದೇವಸ್ಥಾನಕ್ಕೋ ಹೋಗುವಂತೆ ಇಲ್ಲಿಗೆ ಹೋಗಲಾಗದು. ಇದು ಆರೇಳು ಗಂಟೆಗಳ ಕಾಲ ಬಯಲಿನಲ್ಲಿ ನಡೆದಾಡುವ, ಸಾಲಿನಲ್ಲಿ ನಿಲ್ಲುವ ದೈಹಿಕ ಶ್ರಮವೆಂಬುದನ್ನು ಮೊದಲು ಮನಗಾಣಬೇಕು.

ವಿಷಯ ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಡೊಂಬಿವಲಿಯಲ್ಲಿ ವಾಸವಾಗಿರುವ ದಂಪತಿಗಳು. ಹನ್ನೊಂದು ವರ್ಷದ ಮಗಳು, ನಾಲ್ಕು ವರ್ಷದ ಮಗ. ಊರಿನಿಂದ ಬಂದಿರುವ ಅಜ್ಜನಿಗೆ ಎಪ್ಪತ್ತೊಂದು ವರ್ಷ, ರಕ್ತದ ಒತ್ತಡಕ್ಕೆ ಪ್ರತಿನಿತ್ಯ ಮಾತ್ರೆ. ಅಜ್ಜಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ಆರು ಜನರಿಗೆ ಟಿಕೆಟು ಕೊಂಡಾಗಿದೆ. ಈಗ ಮನೆಯ ಯಜಮಾನನ ಮನಸ್ಸಿನಲ್ಲಿ ಏಳುವ ಮೊದಲ ಸಂಕಲ್ಪವೇ ‘ಕೊಟ್ಟ ಹಣ ವಸೂಲಾಗಬೇಕು’ ಎಂಬುದು. ಅಂದರೆ ಬಾಗಿಲು ತೆರೆದಾಗ ಒಳಹೊಕ್ಕು, ಮುಚ್ಚುವವರೆಗೆ ಒಂದನ್ನೂ ಬಿಡದೆ ನೋಡುವುದು. ವೈದ್ಯಕೀಯ ದೃಷ್ಟಿಯಿಂದ ಎಲ್ಲ ಅನರ್ಥಗಳ ಬೇರು ಈ ಸಂಕಲ್ಪವೇ. ಪ್ರವಾಸದ ದಿನವನ್ನು ಟಿಕೆಟಿನ ಬೆಲೆಯಿಂದ ಅಳೆಯಬಾರದು. ಮನೆಯಲ್ಲಿ ಅತ್ಯಂತ ದುರ್ಬಲವಾದ ದೇಹ ಯಾವುದೋ ಅದರಿಂದ ಅಳೆಯಬೇಕು. ಈ ಕುಟುಂಬದಲ್ಲಿ ಆ ಅಳತೆಗೋಲುಗಳು ಎರಡು: ನಾಲ್ಕು ವರ್ಷದ ಬಾಲಕ ಮತ್ತು ಎಪ್ಪತ್ತೊಂದು ವರ್ಷದ ಅಜ್ಜ.

ಬೆವರಿನ ಲೆಕ್ಕ

ಮನುಷ್ಯದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ ದೇಹವು ತನ್ನ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣತೆ 35 ಡಿಗ್ರಿಯನ್ನು ದಾಟಿತೆಂದರೆ ಈ ವ್ಯವಹಾರ ತಿರುಗುಮುರುಗಾಗಿ, ಗಾಳಿಯೇ ದೇಹವನ್ನು ಕಾಯಿಸತೊಡಗುತ್ತದೆ. ಆಗ ಉಳಿಯುವ ಏಕೈಕ ಉಪಾಯ ಬೆವರು. ಒಂದು ಲೀಟರು ಬೆವರು ಚರ್ಮದ ಮೇಲಿನಿಂದ ಆವಿಯಾಗಿ ಹೋದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ದೇಹದಿಂದ ಕೊಂಡೊಯ್ಯುತ್ತದೆ. ನಿಧಾನವಾಗಿ ನಡೆದಾಡುವ ವಯಸ್ಕನೊಬ್ಬನ ದೇಹದಲ್ಲಿ ಗಂಟೆಗೆ ಸುಮಾರು 200 ಕಿಲೊಕ್ಯಾಲೊರಿ ಶಾಖ ಹುಟ್ಟುತ್ತದೆ. ಸೂರ್ಯನಿಂದಲೂ ಕಾದ ನೆಲದಿಂದಲೂ ಬರುವುದು ಬೇರೆ. ಹೀಗಾಗಿ ಗಂಟೆಗೆ ಅರ್ಧ ಲೀಟರಿನಷ್ಟು ಬೆವರು ಆವಿಯಾಗಿ ಹೋಗುವುದು ಅನಿವಾರ್ಯವಾಗಬಹುದು.

ಇಲ್ಲಿ ‘ಆವಿಯಾಗಿ’ ಎಂಬ ಪದವನ್ನು ಗಮನಿಸಬೇಕು. ಬೆವರು ಸುರಿದು ನೆಲಕ್ಕೆ ಬಿದ್ದರೆ ದೇಹಕ್ಕೆ ನೀರು, ಉಪ್ಪುಗಳ ನಷ್ಟವೇ ಹೊರತು ತಂಪಿನ ಲಾಭವಿಲ್ಲ. ಕಲಬುರಗಿಯ ಮೇ ತಿಂಗಳಿನಲ್ಲಿ ಒಗೆದು ಹರವಿದ ಪಂಚೆ ನೋಡನೋಡುತ್ತಿದ್ದಂತೆ ಒಣಗುತ್ತದೆ. ಅದೇ ಪಂಚೆ ಮುಂಬಯಿಯ ಚಾಳಿನ ನೆರಳಿನಲ್ಲಿ ಸಂಜೆಯಾದರೂ ಹಸಿಯಾಗಿಯೇ ಇರುತ್ತದೆ. ಪಂಚೆಗೆ ಆಗುವುದೇ ದೇಹಕ್ಕೂ ಆಗುತ್ತದೆ. ಮುಂಬಯಿ ಮತ್ತು ಚೆನ್ನೈಗಳಲ್ಲಿ ಉಷ್ಣತೆಯ ಅಂಕಿ 34 ಅಥವಾ 37 ಇದ್ದರೂ ಗಾಳಿಯಲ್ಲಿ ತುಂಬಿದ ತೇವದಿಂದ ಬೆವರು ಆರುವುದಿಲ್ಲ. ಹೈದರಾಬಾದ್, ದೆಹಲಿಗಳಲ್ಲಿ ಅಂಕಿ 40ನ್ನು ಮುಟ್ಟಿದರೂ ಒಣಗಾಳಿಯಿಂದ ಬೆವರು ಕೂಡಲೇ ಆರುತ್ತದೆ. ಆದರೆ ಆರುವುದು ಕಣ್ಣಿಗೆ ಕಾಣದಿರುವುದರಿಂದ ಎಷ್ಟು ನೀರು ಕಳೆದುಹೋಯಿತೆಂಬುದೇ ತಿಳಿಯುವುದಿಲ್ಲ. ಆದ್ದರಿಂದ ಕರಾವಳಿಯ ನಗರಗಳಲ್ಲಿ ವಿಶ್ರಾಂತಿಗೂ ಗಾಳಿಗೂ, ಒಳನಾಡಿನ ನಗರಗಳಲ್ಲಿ ನೀರಿಗೂ ತಲೆಯ ಮೇಲಿನ ನೆರಳಿಗೂ ಹೆಚ್ಚಿನ ಗಮನ ಕೊಡತಕ್ಕದ್ದು. ಹವಾಮಾನ ಇಲಾಖೆಯು ಶಾಖದ ಅಲೆಯನ್ನು ಗುರುತಿಸಲು ಬಯಲುಸೀಮೆಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಮಿತಿಯಾಗಿ ಇಟ್ಟುಕೊಂಡಿರುವುದು ಈ ಭೇದವನ್ನು ಎತ್ತಿ ತೋರಿಸುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುವ ಉಷ್ಣತೆ ನೆರಳಿನಲ್ಲಿ ಅಳೆದದ್ದೆಂಬುದನ್ನೂ ಮರೆಯಬಾರದು. ಬಿಸಿಲಿನಲ್ಲಿ ನಿಂತವನ ಅನುಭವ ಬೇರೆ. ಕಾದ ಸಿಮೆಂಟು ನೆಲದ ಉಷ್ಣತೆ 50 ಡಿಗ್ರಿಯನ್ನು ಮೀರಬಹುದು.

ಈ ಲೆಕ್ಕದಲ್ಲಿ ಬಾಲಕನ ಸ್ಥಿತಿಯೇನು? ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಹೊರಗಿನ ಶಾಖವನ್ನು ಅದು ಬೇಗ ಹೀರಿಕೊಳ್ಳುತ್ತದೆ. ಎತ್ತರ ಕಡಿಮೆಯಿರುವುದರಿಂದ ನೆಲದ ಬಿಸಿಗೆ ಹತ್ತಿರವಾಗಿರುತ್ತದೆ. ಆಟದ ಉತ್ಸಾಹದಲ್ಲಿ ಬಾಯಾರಿಕೆಯನ್ನು ಹೇಳುವುದಿಲ್ಲ. ಹೇಳುವ ವೇಳೆಗೆ ಹಟ, ಅಳು, ಮಂಕು ಶುರುವಾಗಿರುತ್ತದೆ. ಅನೇಕ ತಾಯ್ತಂದೆಯರು ಇದನ್ನು ಮೊಂಡುತನವೆಂದು ಭಾವಿಸಿ ಗದರಿಸುತ್ತಾರೆ. ಸುಡುಬಿಸಿಲಿನಲ್ಲಿ ಹಟ ಮಾಡುವ ಮಗುವಿಗೆ ಮೊದಲು ನೆರಳು, ಅನಂತರ ನೀರು ಕೊಡಬೇಕು. ಗದರಿಕೆ ಬೇಕಾಗುವುದೇ ಇಲ್ಲ. ತಳ್ಳುಗಾಡಿಯಲ್ಲಿ ಮಲಗಿರುವ ಶಿಶುವಿಗೆ ಬಿಸಿಲು ತಾಗದಿರಲೆಂದು ಮೇಲೆ ದಪ್ಪ ಬಟ್ಟೆ ಹೊದಿಸುವ ರೂಢಿಯನ್ನು ಬಿಡಬೇಕು. ಗಾಳಿಯಾಡದ ಆ ಗೂಡು ಹೊರಗಿಗಿಂತ ಬಿಸಿಯಾಗುತ್ತದೆ.

ಅಜ್ಜನ ಸ್ಥಿತಿ ಇನ್ನೂ ಸೂಕ್ಷ್ಮ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಬೆವರುವ ಶಕ್ತಿ ತಗ್ಗುತ್ತದೆ. ರಕ್ತದ ಒತ್ತಡಕ್ಕೆ ಕೊಡುವ ಔಷಧಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತವೆ. ಬೀಟಾ ಬ್ಲಾಕರ್ ಎಂಬ ವರ್ಗದವು ಹೃದಯದ ಬಡಿತವನ್ನು ತಗ್ಗಿಸುವುದರಿಂದ, ಶಾಖವನ್ನು ಹೊರಹಾಕಲು ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕಾದಾಗ ತೊಡಕಾಗುತ್ತವೆ. ಹಾಗೆಂದು ಯಾವ ಮಾತ್ರೆಯನ್ನೂ ಸ್ವಂತ ಬುದ್ಧಿಯಿಂದ ನಿಲ್ಲಿಸಕೂಡದು. ಹೊರಡುವ ಒಂದು ವಾರ ಮೊದಲು ವೈದ್ಯರಿಗೆ ಮಾತ್ರೆಗಳ ಚೀಟಿಯನ್ನು ತೋರಿಸಿ, ‘ಇಂಥ ದಿನ ಬಿಸಿಲಿನಲ್ಲಿ ಓಡಾಟವಿದೆ’ ಎಂದು ಹೇಳಿ ಸಲಹೆ ಪಡೆಯಬೇಕು. ಹೃದಯ ಅಥವಾ ಮೂತ್ರಪಿಂಡದ ರೋಗದಿಂದಾಗಿ ನೀರಿನ ಮಿತಿ ವಿಧಿಸಲ್ಪಟ್ಟವರು ಈ ಲೇಖನದ ನೀರಿನ ಸಲಹೆಗಳನ್ನು ಅನುಸರಿಸದೆ ತಮ್ಮ ವೈದ್ಯರ ಮಾತನ್ನೇ ಪ್ರಮಾಣವಾಗಿ ಗ್ರಹಿಸಬೇಕು.

ಇವು ಪುಸ್ತಕದ ಮಾತುಗಳಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರ್‌ನಲ್ಲಿ ನಡೆದ ಬೃಹತ್ ಬಯಲು ಸಮಾರಂಭವೊಂದರಲ್ಲಿ ಲಕ್ಷಾಂತರ ಜನ ಬೆಳಗಿನಿಂದ ಮಧ್ಯಾಹ್ನದವರೆಗೆ ನೆರಳಿಲ್ಲದೆ ಕುಳಿತಿದ್ದರು. 14 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿದ್ದವರು ಗದ್ದೆಯಲ್ಲಿ ದುಡಿಯುತ್ತಿರಲಿಲ್ಲ, ಓಡುತ್ತಿರಲಿಲ್ಲ. ಸುಮ್ಮನೆ ಕುಳಿತಿದ್ದರು ಎಂಬುದನ್ನು ಓದುಗರು ಗಮನಿಸಬೇಕು.

ಯಾವಾಗ ಹೋಗಬೇಕು?

ಬೇಸಗೆಯಲ್ಲಿ ಹೋಗಲೇಬೇಡಿರೆಂದರೆ ಯಾರೂ ಕೇಳಲಾರರು. ಮಕ್ಕಳಿಗೆ ರಜೆ ಇರುವುದೇ ಆಗ. ಆದರೂ ಹೊರನಾಡಿನ ಕನ್ನಡಿಗರಿಗೆ ಒಂದು ಅನುಕೂಲವಿದೆ. ಕರ್ನಾಟಕದ ಬಹುಪಾಲು ಶಾಲೆಗಳು ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ತೆರೆಯುತ್ತವೆ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ ಜೂನ್ ಮಧ್ಯದವರೆಗೆ ರಜೆಯಿರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 34 ಡಿಗ್ರಿಯಾದರೆ ಜೂನ್‌ನಲ್ಲಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಊರಿಗೆ ಹೋದ ಮುಂಬಯಿ, ಪುಣೆಯ ಕುಟುಂಬವೊಂದು ಹಿಂದಿರುಗುವ ಮೊದಲು, ಜೂನ್ ಮೊದಲ ವಾರದ ಮಂಗಳವಾರವೋ ಬುಧವಾರವೋ ಬೆಂಗಳೂರಿನ ಉದ್ಯಾನಕ್ಕೆ ಹೋದರೆ ಬಿಸಿಲೂ ಕಡಿಮೆ, ಜನಸಂದಣಿಯೂ ಕಡಿಮೆ. ಮಧ್ಯಾಹ್ನದ ಗುಡುಗು-ಮಳೆಯ ಸಂಭವವುಂಟು. ಆಗ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ, ಅಷ್ಟೇ. ಮಳೆಗೆ ಒಂದು ಗಂಟೆ ಕಳೆದುಕೊಳ್ಳುವುದು ಬಿಸಿಲಿಗೆ ಇಡೀ ದಿನ ಕಳೆದುಕೊಳ್ಳುವುದಕ್ಕಿಂತ ಲೇಸು. ಚೆನ್ನೈಯವರು ಮೇ ಮೊದಲ ವಾರದಿಂದ ಕೊನೆಯ ವಾರದವರೆಗಿನ ಅಗ್ನಿನಕ್ಷತ್ರವನ್ನು ತಪ್ಪಿಸುವುದು ಒಳ್ಳೆಯದು. ಹಿರಿಯರ ಪಂಚಾಂಗವೂ ಹವಾಮಾನದ ಅಂಕಿ ಅಂಶಗಳೂ ಇಲ್ಲಿ ಹೆಚ್ಚುಕಡಿಮೆ ಒಂದೇ ಮಾತನ್ನಾಡುತ್ತವೆ. ದೆಹಲಿಯಲ್ಲಿ ‘ಲೂ’ ಬೀಸುವ ದಿನಗಳಲ್ಲಿ ಬಯಲಿನ ಉದ್ಯಾನದ ವಿಚಾರವನ್ನೇ ಬಿಡಬೇಕು.

ಪ್ರಯಾಣದ ಮರುದಿನವೇ ಉದ್ಯಾನಕ್ಕೆ ಹೋಗುವುದು ಸಲ್ಲದು. ಮುಂಬಯಿಯಿಂದ ಬೆಂಗಳೂರಿಗೆ ಇಡೀ ಹಗಲು-ರಾತ್ರಿ ರೈಲಿನಲ್ಲಿ ಕುಳಿತು, ಅರೆನಿದ್ರೆಯಲ್ಲಿ ಇಳಿದು, ಬೆಳಗಾಗುತ್ತಲೇ ಬಿಸಿಲಿಗೆ ಬೀಳುವ ದೇಹ ಆಗಲೇ ಅರ್ಧ ಬತ್ತಿರುತ್ತದೆ. ನಡುವೆ ಒಂದು ಪೂರ್ಣ ದಿನದ ವಿಶ್ರಾಂತಿ ಬೇಕು. ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಹವಾನಿಯಂತ್ರಿತ ಕಚೇರಿಯಲ್ಲಿ ವರ್ಷವಿಡೀ ಕುಳಿತಿರುವ ಯಜಮಾನರು ಹೊರಡುವ ಹತ್ತು ದಿನ ಮೊದಲಿನಿಂದ ಪ್ರತಿ ಸಂಜೆ ಮಕ್ಕಳೊಡನೆ ಅರ್ಧ ಗಂಟೆ ನಡೆದಾಡುವ ಅಭ್ಯಾಸ ಮಾಡಿಕೊಳ್ಳುವುದು ಹಿತಕರ.

ಮನೆಯಲ್ಲಿಯೇ ಮಾಡಬೇಕಾದ ಇನ್ನೊಂದು ಸಿದ್ಧತೆಯಿದೆ. ರೈಡ್‌ಗಳಿಗೆ ಎತ್ತರದ ಮಿತಿಯಿರುತ್ತದೆ. ಉದ್ಯಾನದಿಂದ ಉದ್ಯಾನಕ್ಕೆ ಈ ಮಿತಿ ವ್ಯತ್ಯಾಸವಾಗುತ್ತದೆ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆದು, ಉದ್ಯಾನದವರು ಪ್ರಕಟಿಸಿರುವ ಮಿತಿಗಳೊಡನೆ ಹೋಲಿಸಿ, ಯಾವುದು ಸಿಗುವುದು ಯಾವುದು ಸಿಗದೆಂಬುದನ್ನು ಮೊದಲೇ ತಿಳಿಸಿಬಿಡಬೇಕು. ಮುಕ್ಕಾಲು ಗಂಟೆ ಬಿಸಿಲಿನ ಸಾಲಿನಲ್ಲಿ ನಿಂತು, ಬಾಗಿಲಿನಲ್ಲಿ ‘ನೀನು ಕುಳ್ಳ’ ಎನ್ನಿಸಿಕೊಂಡು ಹಿಂದಿರುಗುವ ಮಗುವಿನ ದುಃಖವನ್ನು ಯಾವ ಐಸ್‌ಕ್ರೀಮೂ ಸಮಾಧಾನಪಡಿಸಲಾರದು. ಗರ್ಭಿಣಿಯರು, ಹೃದ್ರೋಗಿಗಳು, ಬೆನ್ನು-ಕುತ್ತಿಗೆಯ ತೊಂದರೆಯುಳ್ಳವರು ವೇಗದ ರೈಡ್‌ಗಳನ್ನು ಹತ್ತಲೇಬಾರದು. ತಲೆಸುತ್ತು-ವಾಂತಿಗೆಂದು ಅವೊಮಿನ್‌ನಂಥ ಮಾತ್ರೆಯನ್ನು ನುಂಗಿ ಹೊರಡುವ ಅಭ್ಯಾಸ ಕೆಲವರಿಗುಂಟು. ಅದು ತೂಕಡಿಕೆ ತರುವುದಲ್ಲದೆ ಬೆವರುವಿಕೆಯನ್ನೂ ತಗ್ಗಿಸಬಲ್ಲದಾದ್ದರಿಂದ ಸುಡುಬಿಸಿಲಿನ ದಿನ ವೈದ್ಯರನ್ನು ಕೇಳದೆ ಸೇವಿಸಬಾರದು.

ದಿನದ ಹಂಚಿಕೆ

ಉದ್ಯಾನಗಳ ಬಾಗಿಲು ಸಾಮಾನ್ಯವಾಗಿ ಹತ್ತು-ಹನ್ನೊಂದು ಗಂಟೆಯ ವೇಳೆಗೆ ತೆರೆಯುವುದರಿಂದ ಬೆಳಗಿನ ತಂಪು ನಮಗೆ ದಕ್ಕುವುದಿಲ್ಲ. ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ತಲುಪಿ, ಒಳಹೊಕ್ಕ ಕೂಡಲೇ ಹತ್ತಿರದ ಆಟಕ್ಕೆ ಮುಗಿಬೀಳದೆ, ಮಕ್ಕಳಿಗೆ ಅತ್ಯಂತ ಪ್ರಿಯವಾದ, ಬಯಲಿನಲ್ಲಿರುವ ಎರಡು ಆಟಗಳನ್ನು ಮುಗಿಸಿಕೊಳ್ಳಬೇಕು. ಜನ ಇನ್ನೂ ಚದುರಿರದ ಆ ಒಂದು ಗಂಟೆ ಬಹು ಬೆಲೆಯುಳ್ಳದ್ದು. ಏಕೆಂದರೆ ದೇಹವನ್ನು ದಣಿಸುವುದು ರೈಡ್ ಅಲ್ಲ. ರೈಡ್ ಮುಗಿಯುವುದು ಎರಡು-ಮೂರು ನಿಮಿಷದಲ್ಲಿ. ದಣಿಸುವುದು ಅದರ ಮುಂದಿನ ಸಾಲು. ನೆರಳಿಲ್ಲದ ಸಾಲು ಅರ್ಧ ಗಂಟೆಗಿಂತ ಉದ್ದವಾಗಿದ್ದರೆ ಆ ಆಟವನ್ನು ಬಿಟ್ಟುಬಿಡುವ ಮನೋದಾರ್ಢ್ಯ ಯಜಮಾನನಿಗಿರಬೇಕು.

ಹನ್ನೆರಡಕ್ಕೆ ಮುಂಚೆಯೇ ಊಟಕ್ಕೆ ಕುಳಿತರೆ ಎರಡು ಲಾಭ: ಊಟದ ಸಾಲೂ ತಪ್ಪುತ್ತದೆ, ಸುಡುಹೊತ್ತೂ ಕಳೆಯುತ್ತದೆ. ಹನ್ನೆರಡರಿಂದ ಮೂರೂವರೆಯವರೆಗೆ ಒಳಾಂಗಣದ ಪ್ರದರ್ಶನ, ಚಲನಚಿತ್ರ, ಛಾವಣಿಯ ಕೆಳಗಿನ ಆಟ ಇವುಗಳಿಗೇ ಮೀಸಲು. ಬಾಲಕ ನಿದ್ರಿಸಿದರೆ ಎಬ್ಬಿಸಬಾರದು. ಅಜ್ಜ-ಅಜ್ಜಿಯರನ್ನು ‘ಇಲ್ಲೇ ಕುಳಿತಿರಿ, ಬರುತ್ತೇವೆ’ ಎಂದು ಬೆಂಚಿನ ಮೇಲೆ ಬಿಟ್ಟುಹೋಗುವುದು ನಮ್ಮ ಕುಟುಂಬಗಳ ವಾಡಿಕೆ. ಹೋದಾಗ ನೆರಳಿದ್ದ ಬೆಂಚಿಗೆ ಅರ್ಧ ಗಂಟೆಯಲ್ಲಿ ಬಿಸಿಲು ಬಂದಿರುತ್ತದೆ. ‘ಬರುತ್ತೇವೆ’ ಎಂದವರು ಬರುವ ಮುನ್ನ ಸ್ಥಳ ಬಿಟ್ಟರೆ ತಪ್ಪಿಹೋಗುವೆವೆಂಬ ಭಯದಿಂದ ಹಿರಿಯರು ಏಳುವುದಿಲ್ಲ. ಅವರ ಬಳಿ ನೀರಿನ ಬಾಟಲಿ, ಚಾರ್ಜು ತುಂಬಿದ ಮೊಬೈಲು, ಛತ್ರಿ ಇರಬೇಕು. ಫ್ಯಾನಿರುವ ಭೋಜನಶಾಲೆಯೇ ಅವರ ಠಾಣ್ಯವಾಗಬೇಕು. ಪ್ರತಿ ಗಂಟೆಗೊಮ್ಮೆ ಒಬ್ಬರು ಬಂದು ನೋಡಿಕೊಂಡು ಹೋಗಬೇಕು. ಹಿರಿಯರಿಗೆ ಈ ದಿನ ನಿಜವಾಗಿ ಇಷ್ಟವೇ ಎಂದು ಒಮ್ಮೆ ಕೇಳಿನೋಡುವುದೂ ಒಳ್ಳೆಯದು. ಮನೆಯಲ್ಲಿ ನೆಮ್ಮದಿಯಾಗಿರುತ್ತೇವೆಂದು ಅವರು ಹೇಳಿದರೆ ಅದನ್ನು ಉಪಚಾರದ ಮಾತೆಂದು ತಳ್ಳಿಹಾಕಬಾರದು.

ನಿಲ್ಲಿಸಿದ ಕಾರಿನಲ್ಲಿ ನಿದ್ರಿಸುತ್ತಿರುವ ಮಗುವನ್ನಾಗಲಿ ದಣಿದ ಹಿರಿಯರನ್ನಾಗಲಿ ಐದು ನಿಮಿಷವೂ ಬಿಡಬಾರದು. ಗಾಜು ಏರಿಸಿದ ಕಾರಿನ ಒಳಗಿನ ಉಷ್ಣತೆ ಬಿಸಿಲಿನಲ್ಲಿ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು. ಅಜ್ಜಿ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಆ ಸೀಸೆಯನ್ನೂ ಕಾರಿನಲ್ಲಿ ಬಿಡಕೂಡದು. ತಂಪಿನ ಚೀಲದಲ್ಲಿ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಇಟ್ಟುಕೊಳ್ಳಬೇಕು.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳುವುದು ಬೇಡ. ಸಡಿಲವಾದ ತೆಳುಬಣ್ಣದ ಹತ್ತಿಬಟ್ಟೆ, ಅಗಲ ಅಂಚಿನ ಟೊಪ್ಪಿಗೆ, ಮೆತ್ತನೆಯ ಹಳೆಯ ಪಾದರಕ್ಷೆ. ಹೊಸ ಚಪ್ಪಲಿ ಅಂದು ಬೇಡ. ರೇಷ್ಮೆ ಸೀರೆ, ಉದ್ದನೆಯ ದುಪಟ್ಟಾ, ಬಿಚ್ಚುಗೂದಲು ತಿರುಗುವ ಚಕ್ರಗಳ ಬಳಿ ಅಪಾಯಕರ.

ನೀರು, ಮಜ್ಜಿಗೆ, ಜೀವಜಲ

ಬಾಯಾರಿಕೆಗಾಗಿ ಕಾಯಬಾರದು. ಬಿಸಿಲಿನಲ್ಲಿ ಓಡಾಡುವಾಗ ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೊಮ್ಮೆ ದೊಡ್ಡವರು ಒಂದು ಲೋಟ, ಮಕ್ಕಳು ಅರ್ಧ ಲೋಟ ನೀರು ಕುಡಿಯಬೇಕು. ಆರು ತಿಂಗಳೊಳಗಿನ ಶಿಶುವಿಗೆ ನೀರು ಬೇಡ. ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು. ನೀರು ಸಾಕಾಗಿದೆಯೇ ಎಂಬುದಕ್ಕೆ ಸುಲಭವಾದ ಪರೀಕ್ಷೆ ಮೂತ್ರದ ಬಣ್ಣ: ತಿಳಿಹಳದಿಯಾದರೆ ಸರಿ, ಕಡುಹಳದಿಯಾದರೆ ಅಥವಾ ನಾಲ್ಕೈದು ಗಂಟೆ ಮೂತ್ರವೇ ಆಗದಿದ್ದರೆ ನೀರು ಸಾಲದಾಗಿದೆ. ಇಲ್ಲಿ ಗೃಹಿಣಿಯರಿಗೆ ಒಂದು ಮಾತು. ಹೊರಗೆ ಶೌಚಾಲಯಕ್ಕೆ ಹೋಗುವ ಸಂಕೋಚದಿಂದ ನಮ್ಮ ಹೆಣ್ಣುಮಕ್ಕಳು ಬೇಕೆಂದೇ ನೀರು ಕುಡಿಯದೆ ಇರುವುದುಂಟು. ಎಲ್ಲರ ಚೀಲ ಹೊತ್ತು, ಎಲ್ಲರಿಗೂ ನೀರು ಕೊಟ್ಟು, ತಾನು ಮಾತ್ರ ಒಣಬಾಯಿಯಲ್ಲಿ ಸಂಜೆಯವರೆಗೆ ನಿಲ್ಲುವ ತಾಯಿಯೇ ಮರುದಿನ ತಲೆನೋವು, ಉರಿಮೂತ್ರಗಳಿಂದ ಹಾಸಿಗೆ ಹಿಡಿಯುತ್ತಾಳೆ. ಒಳಹೊಕ್ಕ ಕೂಡಲೇ ಶೌಚಾಲಯ ಎಲ್ಲಿದೆಯೆಂದು ಮನೆಯ ಗಂಡಸರೇ ವಿಚಾರಿಸಿಟ್ಟುಕೊಳ್ಳುವುದು ಒಂದು ಸೌಜನ್ಯ.

ಬೆವರಿನೊಡನೆ ಉಪ್ಪೂ ಹೋಗುವುದರಿಂದ ದಿನವಿಡೀ ಬರಿ ನೀರೇ ಸಾಲದು. ನಮ್ಮ ಹಿರಿಯರು ಬೇಸಗೆಯ ಬಾಗಿಲಲ್ಲಿ ಬರುವ ರಾಮನವಮಿಗೆ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಗೊತ್ತುಮಾಡಿದ್ದು ಎಷ್ಟು ಸಮಯೋಚಿತ! ಉಪ್ಪು ಹಾಕಿದ ತೆಳುಮಜ್ಜಿಗೆ, ಎಳನೀರು, ಲಿಂಬೆ ಶರಬತ್ತು, ಮಹಾರಾಷ್ಟ್ರದ ಕೈರಿ ಪನ್ಹೆ, ಕರಾವಳಿಯವರ ಪುನರ್ಪುಳಿ ಪಾನಕ ಎಲ್ಲವೂ ಉತ್ತಮ. ಬಣ್ಣದ ಸೋಡಾ ಪಾನೀಯಗಳಲ್ಲಿ ಸಕ್ಕರೆ ಅತಿಯಾಗಿರುವುದರಿಂದ ಅವು ನೀರಿಗೆ ಬದಲಾಗಲಾರವು. ಬಹುತೇಕ ಉದ್ಯಾನಗಳು ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲವಾದ್ದರಿಂದ, ಶಿಶುವಿನ ಆಹಾರ, ರೋಗಿಯ ಪಥ್ಯ, ಔಷಧಗಳಿಗೆ ವಿನಾಯಿತಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಓ.ಆರ್.ಎಸ್. ಪೊಟ್ಟಣಗಳು ನಾಲ್ಕಾದರೂ ಜೇಬಿನಲ್ಲಿರಲಿ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಕಲ್ಕತ್ತೆಯ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು-ಗ್ಲೂಕೋಸುಗಳ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದ ಇತಿಹಾಸ ಪ್ರಸಿದ್ಧವಾಗಿದೆ. ಈಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಪುಡಿಯ ತೂಕ ಒಂದು ಲೀಟರಿಗೆ 20.5 ಗ್ರಾಂ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಬೇಕು; ಅರ್ಧ ಪೊಟ್ಟಣ, ಅರ್ಧ ಲೋಟ ಎಂಬ ಅಂದಾಜು ಸಲ್ಲದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಆದರೆ ಅಜ್ಜ-ಅಜ್ಜಿಯರಂತೆ ಒತ್ತಡವೋ ಸಕ್ಕರೆ ಕಾಯಿಲೆಯೋ ಇರುವವರಿಗೆ ಉಪ್ಪು-ಸಕ್ಕರೆಯ ಪಾನೀಯಗಳೆಷ್ಟು ಸಲ್ಲುವುವೆಂಬುದನ್ನು ವೈದ್ಯರಿಂದಲೇ ತಿಳಿಯಬೇಕು. ಹಣ್ಣಿನ ರಸದ ಡಬ್ಬಿಗಳ ಮೇಲೆ ‘ಓ.ಆರ್.ಎಸ್.’ ಎಂದು ಅಚ್ಚುಹಾಕಿ ಮಾರುತ್ತಿದ್ದ ಪದ್ಧತಿಯನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ನಿಷೇಧಿಸಿತು. ಹೆಸರಿಗೆ ಮರುಳಾಗದೆ ಸೂತ್ರವನ್ನು ಓದಿ ಕೊಳ್ಳಬೇಕು.

ನೀರಿನ ಆಟಗಳಿರುವಲ್ಲಿ ಒಂದು ಭ್ರಮೆ ಹುಟ್ಟುತ್ತದೆ: ಮೈಯೆಲ್ಲ ನೀರಿನಲ್ಲಿರುವಾಗ ದೇಹ ಒಣಗುವುದೆಂತು? ಚರ್ಮ ತಂಪಾಗಿರುವುದರಿಂದ ಬಾಯಾರಿಕೆ ತಿಳಿಯುವುದಿಲ್ಲ, ಬೆವರು ಕಾಣುವುದಿಲ್ಲ. ಆದರೆ ಆಟದ ಶ್ರಮವೂ ಬಿಸಿಲೂ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಗಂಟೆಗೊಮ್ಮೆ ಮಕ್ಕಳನ್ನು ಹೊರಕ್ಕೆ ಕರೆದು ನೀರು ಕುಡಿಸಿ ಹತ್ತು ನಿಮಿಷ ನೆರಳಿನಲ್ಲಿ ಕೂರಿಸಬೇಕು. ಕೊಳದ ನೀರನ್ನು ನುಂಗದಂತೆ ಹೇಳಿಕೊಡಬೇಕು. ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸುವುದು ಉಳಿದ ಮಕ್ಕಳಿಗೆ ಮಾಡುವ ಅಪಚಾರ. ಕ್ಲೋರಿನ್ನಿಗೆ ಬೇಗ ಜಗ್ಗದ ರೋಗಾಣುಗಳೂ ಇವೆ. ಮಂಡಿಯುದ್ದದ ನೀರಿನಲ್ಲಿಯೂ ಚಿಕ್ಕ ಮಗು ಮುಳುಗಬಲ್ಲದಾದ್ದರಿಂದ, ಕಾವಲುಗಾರನಿದ್ದರೂ ಮನೆಯವರೊಬ್ಬರು ಕೈಗೆಟಕುವ ಅಂತರದಲ್ಲಿಯೇ ಇರಬೇಕು. ಆಗ ಮೊಬೈಲು ಕೈಯಲ್ಲಿರಬಾರದು.

ಅಪಾಯದ ಸಂಜ್ಞೆಗಳು

ವಿಪರೀತ ಬೆವರು, ತಲೆನೋವು, ವಾಕರಿಕೆ, ಕಾಲಿನ ಮೀನಖಂಡಗಳ ಸೆಳೆತ, ನಿತ್ರಾಣ — ಇವು ಶಾಖದ ಬಳಲಿಕೆಯ ಲಕ್ಷಣಗಳು. ಕೂಡಲೇ ನೆರಳಿಗೆ ಒಯ್ದು, ಮಲಗಿಸಿ, ಕಾಲುಗಳನ್ನು ಸ್ವಲ್ಪ ಎತ್ತರಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗುಟುಕು ಗುಟುಕಾಗಿ ಜೀವಜಲ ಕುಡಿಸಿದರೆ ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳಬೇಕು. ಚೇತರಿಸಿಕೊಂಡವರಿಗೂ ಅಂದಿನ ಆಟ ಮುಗಿಯಿತೆಂದೇ ತಿಳಿಯಬೇಕು.

ಮಾತು ತೊದಲುವುದು, ಹೇಳಿದ್ದು ಅರ್ಥವಾಗದಿರುವುದು, ತೂರಾಡುವುದು, ಅಸಂಬದ್ಧವಾಗಿ ವರ್ತಿಸುವುದು, ಸೆಳವು, ಎಚ್ಚರ ತಪ್ಪುವುದು. ಇವುಗಳೊಡನೆ ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ದೇಹದ ಒಳಗಿನ ಉಷ್ಣತೆ 40 ಡಿಗ್ರಿಯನ್ನು ಮೀರಿರುತ್ತದೆ. ಪ್ರತಿ ನಿಮಿಷವೂ ಮಿದುಳಿಗೆ, ಮೂತ್ರಪಿಂಡಗಳಿಗೆ ಹಾನಿಯಾಗುತ್ತಿರುತ್ತದೆ. ‘ಮೈ ಬೆವರುತ್ತಿದೆ, ಆದ್ದರಿಂದ ಉಷ್ಣಾಘಾತವಲ್ಲ’ ಎಂಬ ನಂಬಿಕೆ ಸರಿಯಲ್ಲ. ಓಡಾಡಿ ದಣಿದವರಲ್ಲಿ ಬೆವರು ಇದ್ದೂ ಉಷ್ಣಾಘಾತವಾಗುತ್ತದೆ. ಉದ್ಯಾನದ ಪ್ರಥಮ ಚಿಕಿತ್ಸಾ ಕೇಂದ್ರಕ್ಕೆ ಒಬ್ಬರು ಓಡಬೇಕು, ಮತ್ತೊಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ಉಳಿದವರು ಆ್ಯಂಬುಲೆನ್ಸಿಗಾಗಿ ಕಾಯದೆ ಮೇಲುಡುಪು ತೆಗೆದು, ಸಿಕ್ಕ ತಣ್ಣೀರನ್ನೆಲ್ಲ ಮೈಮೇಲೆ ಸುರಿಯುತ್ತ ಜೋರಾಗಿ ಗಾಳಿ ಹಾಕಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಮಂಜುಗಡ್ಡೆಯ ಚೀಲವಿಡಬೇಕು. ಉದ್ಯಾನದಲ್ಲಿ ತಂಪುಪಾನೀಯದ ಅಂಗಡಿಗಳಿಗೆ ಕೊರತೆಯಿಲ್ಲವಾದ್ದರಿಂದ ಮಂಜುಗಡ್ಡೆ ದೊರೆಯುವುದು ಕಷ್ಟವಲ್ಲ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆಯಿಂದ ಇಲ್ಲಿ ಪ್ರಯೋಜನವಿಲ್ಲ. ಉತ್ತರದ ಕಡೆ ಬಿಸಿಲಿಗೆ ಹೊರಡುವಾಗ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವ ವಾಡಿಕೆಯಿದೆ. ಆ ಈರುಳ್ಳಿ ಊಟದ ತಟ್ಟೆಯಲ್ಲಿದ್ದರೆ ರುಚಿಗಾದರೂ ಬಂದೀತು. ಜೇಬಿನಲ್ಲಿದ್ದು ಉಷ್ಣಾಘಾತವನ್ನು ತಡೆಯಲಾರದು.

ಮನೆಗೆ ಹಿಂದಿರುಗಿದ ರಾತ್ರಿ ತಣ್ಣೀರ ಸ್ನಾನ, ಮೊಸರನ್ನವೋ ಗಂಜಿಯೋ ಹಗುರವಾದ ಊಟ, ಬೇಗನೆ ನಿದ್ರೆ. ಬಿಸಿಲಿಗೆ ಕೆಂಪಾದ ಚರ್ಮಕ್ಕೆ ಒದ್ದೆ ಬಟ್ಟೆ ಸಾಕು. ಎಣ್ಣೆ ಹಚ್ಚುವುದು ಬೇಡ. ಬೆವರುಸಾಲೆ ಎದ್ದಿದ್ದರೆ ಗಾಳಿಯಾಡುವಂತೆ ಬಿಡಬೇಕು. ಅಜ್ಜನ ರಕ್ತದ ಒತ್ತಡವನ್ನು ಮರುದಿನ ಬೆಳಿಗ್ಗೆ ಒಮ್ಮೆ ನೋಡಿಸಬೇಕು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಮಗುವಿಗೆ ಎರಡು-ಮೂರು ದಿನಗಳೊಳಗೆ ಜ್ವರ, ಭೇದಿ, ಕಿವಿನೋವುಗಳಲ್ಲಿ ಯಾವುದು ಕಾಣಿಸಿಕೊಂಡರೂ, ವೈದ್ಯರಲ್ಲಿಗೆ ಹೋದಾಗ ‘ಇಂಥ ದಿನ ನೀರಿನ ಉದ್ಯಾನಕ್ಕೆ ಹೋಗಿದ್ದೆವು’ ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಬೇಕು. ರೋಗನಿದಾನಕ್ಕೆ ಅದರಿಂದ ಬಹಳ ಸಹಾಯವಾಗುತ್ತದೆ.